ಸಣ್ಣಾಯಿ ಹೇಳದ ಹೆಸರು

ಮೂಡಲಗಿ
೯ ಜೂನ್ ೨೦೨೪

ಅವ್ವಾ,

ಇವತ್ತು ಬೆಳಿಗ್ಗೆ ಮುತ್ತ್ಯಾ ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯ ಮುಂದೆ ತಲೆಯನ್ನು ಒಂದು ಕಡೆ ವಾಲಿಸಿಕೊಂಡು ನಿಂತಿದ್ದ. ಕುತ್ತಿಗೆ ಉಳುಕಿದೆಯೇನೋ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಕನ್ನಡಿಯ ನಡುವೆಯೇ ನಿನ್ನ ಹಿಂದಿನ ಕಾಗದದ ಅಂಚೆಚೀಟಿ. ಲಕೋಟೆಯನ್ನು ಹಬೆಗೆ ಹಿಡಿದು ಬಿಡಿಸಿ, ಗಂಜಿಯಿಂದ ಅಂಟಿಸಿದ್ದಾನೆ. ಚೀಟಿಯ ಮೇಲೆ ಒಂದು ನೀಲಿ ಹಕ್ಕಿ. ಅವನ ಗಲ್ಲ ಕಾಣಬೇಕಾದ ಜಾಗದಲ್ಲಿ ಅದು ಕೂತಿದೆ. ಬೇರೆ ಕಡೆ ಹಚ್ಚಲೇ ಎಂದು ಕೇಳಿದೆ. "ಇರಲಿ, ನಮ್ಮ ದೇಶದ್ದು" ಅಂದ.

ಫೋನಿನಲ್ಲಿ ನಾನು ಬರೀ ಹ್ಞೂಂ ಅನ್ನುತ್ತೇನೆ, ಕಾಗದದಲ್ಲಾದರೆ ಮಾತಾಡುತ್ತೇನೆ ಎಂದು ನೀನು ಬೈದದ್ದು ಖರೆ. ಭಾನುವಾರ ನಿನ್ನ ಮುಖ ಆ ಗಾಜಿನೊಳಗೆ ಕಂಡ ಕೂಡಲೇ ವಾರವೆಲ್ಲ ಕೂಡಿಸಿಟ್ಟದ್ದು ಮರೆತುಹೋಗುತ್ತದೆ. ಬಿ.ಎ. ತನಕ ಕನ್ನಡ ಸಾಹಿತ್ಯ ಓದಿದವಳು ಅವ್ವನ ಜೊತೆ ಮಾತಾಡಲಾರದವಳಾದಳು ಎಂದು ನಗಬೇಡ.

ನಿನ್ನೆ ಸಂಕೇಶ್ವರದ ಬಾಳೇಶಣ್ಣ ಬಂದಿದ್ದರು. ಮಡಗಾಂವದ ವಕೀಲರೊಬ್ಬರ ಕೈಕೆಳಗೆ ಇಂಥ ಕಾಗದಪತ್ರ ಓಡಾಡಿಸುವವರು, ನೀನೇ ಕಳಿಸಿದವರು. ಮುತ್ತ್ಯಾ ಹುಟ್ಟಿದ ದಾಖಲೆ ಗೋವಾದಲ್ಲಿ ಸಿಕ್ಕಿತಂತೆ. ಅವನ ಅಪ್ಪ ಅವ್ವ ಅದಿರಿನ ಬುಟ್ಟಿ ಹೊರಲು ಡಿಚೋಲಿಯ ಗಣಿಗೆ ಹೋಗಿದ್ದರಲ್ಲ, ಅಲ್ಲಿಯ ಗುಡಿಸಲಲ್ಲಿ ಹುಟ್ಟಿದ ಕೂಸನ್ನು ಗಣಿಯ ಗುಮಾಸ್ತ ಯಾಕೋ ಹೋಗಿ ಬರೆಸಿ ಬಂದಿದ್ದಾನೆ. ಗೋವಾ ಪೋರ್ಚುಗೀಜರ ಕೈಯಲ್ಲಿದ್ದಾಗ ಅಲ್ಲಿ ಹುಟ್ಟಿದವರೂ ಅವರ ಮಕ್ಕಳೂ ಮೊಮ್ಮಕ್ಕಳೂ ಆ ದೇಶದ ಪೌರತ್ವ ಕೇಳಬಹುದು ಎಂದು ಬಾಳೇಶಣ್ಣ ಮತ್ತೊಮ್ಮೆ ಬಿಡಿಸಿ ಹೇಳಿದರು. ಮೊದಲು ಮುತ್ತ್ಯಾನ ಹೆಸರು ಲಿಸ್ಬನ್ನಿನಲ್ಲಿ ದಾಖಲಾಗಬೇಕು. ಆಮೇಲೆ ಅಪ್ಪನದು. ಅಪ್ಪ ತೀರಿಹೋಗಿದ್ದರೂ ಅದನ್ನು ಮಾಡಿಸಬಹುದಂತೆ. ಆಮೇಲೆ ನನ್ನದು.

ಮುತ್ತ್ಯಾ ಬಹಳ ಖುಷಿಯಲ್ಲಿದ್ದಾನೆ. ಚಹಾದಂಗಡಿಯಲ್ಲಿ ಅವನಿಗೆ ಪಾದ್ರಿ ಎಂದು ಹೆಸರಿಟ್ಟಿದ್ದಾರೆ. "ಏ ಪಾದ್ರಿ, ಇನ್ನ ಕುರಿ ಮಾರಿ ಹಂದಿ ಕಟ್ಟತಿ ಏನಪಾ?" ಅಂದರಂತೆ. ಇವನು, ಹಂದಿ ಕಟ್ಟಿದರೆ ಮೊದಲು ನಿಮ್ಮ ಓಣಿಗೇ ಬಿಡುತ್ತೇನೆ ಅಂದು ಬಂದಿದ್ದಾನೆ.

ಎಲ್ಲ ಮುಗಿಸಿ ಏಳುವಾಗ ಬಾಳೇಶಣ್ಣ ಒಂದು ಮಾತು ಕೇಳಿದರು. "ದುಂಡೇಶ ನಿಮ್ಮ ಹೊಟ್ಟೀಲೆ ಹುಟ್ಟಿದಂವ ಹೌದಲ್ರಿ ಅಜ್ಜಾ? ನಡುವ ದತ್ತಕ ಗಿತ್ತಕ ಏನಿಲ್ಲಲ್ರಿ?" ದತ್ತಕವಾದರೆ ಅಪ್ಪ ಸಣ್ಣವನಿದ್ದಾಗಲೇ ಕೋರ್ಟಿನಲ್ಲಿ ಆದ ಆದೇಶ ಬೇಕು, ಇಲ್ಲದಿದ್ದರೆ ದಾರಿ ಅಲ್ಲಿಗೇ ಕಡಿಯುತ್ತದೆ ಎಂದರು.

ಮುತ್ತ್ಯಾ "ನನ್ನ ಮಗಾ" ಅಂದ. ಅಷ್ಟೇ ಅಂದ. ನಾನು ಚಹಾದ ಬಸಿ ಎತ್ತಿಕೊಂಡು ಒಳಗೆ ಬಂದೆ.

ಅಪ್ಪನನ್ನು ಹೆತ್ತವಳು ದಡ್ಡಿ ಊರಿನ ಸಣ್ಣಾಯಿ. ಮುತ್ತ್ಯಾನಿಗೂ ತಾಯವ್ವ ಆಯಿಗೂ ಮಕ್ಕಳಾಗಲಿಲ್ಲ ಎಂದು ತಂಗಿ ತನ್ನ ಎರಡನೆಯ ಮಗನನ್ನು ಕಂಬಳಿಯಲ್ಲಿ ಸುತ್ತಿ ಅಕ್ಕನ ಉಡಿಯಲ್ಲಿ ಹಾಕಿದಳು. ಇದು ಓಣಿಗೆಲ್ಲ ಗೊತ್ತು, ನನಗೂ ಓಣಿಯಿಂದಲೇ ಗೊತ್ತು. ನಮ್ಮ ಮನೆಯೊಳಗೆ ಯಾರಾದರೂ ಅಂದದ್ದನ್ನು ನಾನು ಕೇಳಿಲ್ಲ. ಆ ಉಡಿಗೆ ಯಾವ ಕೋರ್ಟಿನ ಕಾಗದ ಇರುತ್ತದೆ ಅವ್ವಾ?

ನಿನ್ನ
ಮಾಯಾ


ಲಿಸ್ಬನ್
೩೦ ಜೂನ್ ೨೦೨೪

ಮಾಯಾ, ನನ್ನ ಬಂಗಾರಾ,

ನಿನ್ನ ಕಾಗದಾ ಬಂತು. ನಾ ಚಾಕರಿ ಮಾಡೂ ಮನಿ ಮುದುಕಿ ಬಾಯಿ ಮಧ್ಯಾಹ್ನ ಮಲಗಿದ ಮ್ಯಾಲೆ ಕಿಡಕಿ ಬಾಜೂ ಕುಂತು ಓದಿದೆ. ಮಾವಾರು ಚೀಟಿ ಅಂಟಿಸಿದ್ದು ಓದಿ ನಕ್ಕೆ. ನಕ್ಕ ದನಿಗೆ ಬಾಯಿ ಎದ್ದಳು. ಮಡಗಾಂವದಿಂದ ಇಲ್ಲಿಮಟ ನನ್ನ ಕೈ ಹಿಡಕೊಂಡು ಬಂದಾಕಿ ಆಕಿ, ಈಗ ದಿನಾ ಮುಂಜಾನೆ ನೀ ಯಾರು ಅಂತ ಕೇಳತಾಳ. ಕಸ್ತೂರಿ ಅಂತೇನಿ. ಚಲೋ ಹೆಸರು ಅಂತಾಳ.

ಬಾಳೇಶ ಹೇಳಿದಂಗ ಮಾಡು. ನಂಬಿಗಸ್ತ ಮನಿಶ್ಯಾ. ಉಡಿ ಮಾತು ಅವನ ಮುಂದ ತಗೀಬ್ಯಾಡ. ಮಾವಾರು ಸುಳ್ಳು ಹೇಳಿಲ್ಲವಾ. ನಾ ಲಗ್ನಾಗಿ ಬಂದಾಗಿಂದ ನೋಡೇನಿ, ನಿಮ್ಮಪ್ಪಗ ನೆಗಡಿ ಆದ್ರ ಅವರು ಊಟಾ ಬಿಡತಿದ್ರು. ಅಂಥವರಿಗೆ ಅಪ್ಪ ಅಲ್ಲ ಅಂತ ಯಾವ ದೇಶ ಅಂತೈತಿ? ಉಡಿಯೊಳಗ ಬಿದ್ದಂವ ಮಗನ. ಅದಕ್ಕ ಹೊಟ್ಟಿಯೊಳಗ ಹುಟ್ಟಿದಂವ ಅಂತ ಬರದ್ರ ಯಾರ ಮನಿ ಮುಳಗತೈತಿ?

ನಾ ಇಲ್ಲಿ ಇರಾಕ ಪರವಾನಗಿ ಕಾಗದಾ ಮಾಡಸ್ಕೊಳ್ಳೂದ್ರಾಗ ನಿನಗ ಹದಿನೆಂಟು ದಾಟಿತ್ತು. ಸಣ್ಣ ಮಕ್ಕಳನ್ನಷ್ಟ ಕರಸಾಕ ಬಿಡತಾರ. ಆ ಕಾಗದಾನೂ ಈಗ ಹೊಸದು ಮಾಡಾಕ ಕೊಟ್ಟೇನಿ, ಬರೂತನಕ ಊರಿಗೆ ಬಂದ್ರ ತಿರುಗಿ ಒಳಗ ಬಿಡತಾರೋ ಇಲ್ಲೋ ಗೊತ್ತಿಲ್ಲ. ಹಿಂಗಾಗಿ ನಾ ಬರಾಕ ಆಗೂದಿಲ್ಲ, ನೀ ಬರಬೇಕು.

ನೀ ಒಮ್ಮೆ ಕೇಳಿದ್ದಿ, ಕಾಗದಾ ಬಂದ ಮ್ಯಾಲೆ ಬಂದು ಊರಾಗ ಇದ್ದು ಬಿಡಬಾರದೇನು ಅಂತ. ಫೋನಿನಾಗ ಜವಾಬ ಹೇಳಲಿಲ್ಲ. ಇಲ್ಲೆ ಬಸ್ಸಿನಾಗ ನನ್ನ ಹಣಿ ನೋಡಿ ಯಾರೂ ಏನೂ ಕೇಳೂದಿಲ್ಲ ಮಾಯಾ. ಹೂವಿನ ಸೀರಿ ಉಟ್ರೂ ಕೇಳೂದಿಲ್ಲ.

ನಾ ಬರುವಾಗ ನಿನ್ನ ಹೆರಳು ಸೊಂಟದ ಮಟ ಇತ್ತು. ಫೋನಿನಾಗ ಹೆರಳು ಕಾಣೂದಿಲ್ಲ. ಎಷ್ಟಾಗೇತಿ ಬರಿ.

ನಿಮ್ಮವ್ವ
ಕಸ್ತೂರಿ


ಮೂಡಲಗಿ
೪ ಆಗಸ್ಟ್ ೨೦೨೪

ಅವ್ವಾ,

ಹೆರಳು ಬೆನ್ನಿನ ನಡುವಿಗೆ ಬಂದಿದೆ. ಹೋದ ಬೇಸಿಗೆ ನಾನೇ ಕತ್ತರಿಸಿದೆ, ಒಬ್ಬಳೇ ಹಿಕ್ಕಿಕೊಳ್ಳಲು ಆಗುತ್ತಿರಲಿಲ್ಲ.

ಬಾಳೇಶಣ್ಣ ಮತ್ತೆ ಬಂದಿದ್ದರು. ಅಪ್ಪನ ಹುಟ್ಟು ಎಲ್ಲಿಯೂ ದಾಖಲಾಗಿಲ್ಲ. ಸಾಲಿಯ ದಾಖಲೆಯಲ್ಲಿ ತಂದೆಯ ಹೆಸರು ಮುತ್ತ್ಯಾನದೇ, ಬೀರಸಿದ್ದಪ್ಪ ಎಂದು ಇದೆ, ಅದು ಒಳ್ಳೆಯದಾಯಿತು ಎಂದರು. ಇನ್ನು ಬೇಕಾದದ್ದು ಹೆರಿಗೆಯ ಹೊತ್ತಿಗೆ ಮನೆಯಲ್ಲಿದ್ದ ಹಿರಿಯರೊಬ್ಬರ ಹೇಳಿಕೆ. ತಾಯವ್ವ ಗಂಡುಮಗುವನ್ನು ಹೆತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಹುಕ್ಕೇರಿಯ ನೋಟರಿ ಮುಂದೆ ಹೆಬ್ಬೆಟ್ಟು ಒತ್ತಬೇಕು. ಆ ಕಾಲದವರು ಈಗ ಯಾರಿದ್ದಾರೆ ಎಂದು ಕೇಳಿದರು. ಮುತ್ತ್ಯಾ ಬಹಳ ಹೊತ್ತು ಬೆರಳು ಮಡಚಿದ. ಉಳಿದವಳು ಒಬ್ಬಳೇ.

ಮುತ್ತ್ಯಾ ಬರಲಿಲ್ಲ, ಮೊಣಕಾಲು ಎಂದ. ನಾನೂ ಬಾಳೇಶಣ್ಣನೂ ದಡ್ಡಿಗೆ ಹೋದೆವು. ಧುಪದಾಳದ ಒಡ್ಡಿನ ಮೇಲೆ ನೀರು ಕೆಂಪಗೆ ಒಂದೇ ಹಾಳೆಯಂತೆ ಬೀಳುತ್ತಿತ್ತು. ನೀನು ನನ್ನನ್ನು ತೊಡೆಯ ಮೇಲೆ ನಿಲ್ಲಿಸಿ ಬಸ್ಸಿನ ಕಿಟಕಿಯಿಂದ ತೋರಿಸಿದ್ದು ಇದೇ ನೀರು ಎಂದು ನೆನಪಾಯಿತು. ಅವತ್ತು ಅಪ್ಪ ಪಕ್ಕದಲ್ಲಿದ್ದ.

ಸಣ್ಣಾಯಿ ಪಡಸಾಲೆಯಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ನನ್ನನ್ನು ನೋಡಿ ಎದ್ದು ನೀರು ತಂದುಕೊಟ್ಟು ಮತ್ತೆ ಕೂತಳು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಕಡೆಗೆ ಬಾಳೇಶಣ್ಣನೇ ಹೇಳಿದರು. ಅವರಿಗೆ ಆಕೆ ತಾಯವ್ವನ ತಂಗಿ ಅಷ್ಟೇ. ನಿಮ್ಮ ಅಕ್ಕ ಹಡೆದದ್ದನ್ನು ನೀವು ನೋಡಿದ್ದೀರಿ ಎಂದು ಹೇಳಿದರೆ ಈ ಹುಡುಗಿ ಅವ್ವನ ಹತ್ತಿರ ಹೋಗುತ್ತಾಳೆ ಎಂದರು.

ನಾನು ಆಕೆಯ ಕೈಯನ್ನೇ ನೋಡುತ್ತಿದ್ದೆ. ನೂಲು ಹರಿಯಲಿಲ್ಲ, ಕದಿರು ನಿಲ್ಲಲಿಲ್ಲ.

"ಹೇಳೂನಂತ," ಅಂದಳು. "ಇಷ್ಟು ವರ್ಷ ಅದನ್ನ ಹೇಳಕೋತ ಬಂದೇನಿ."

ಆಮೇಲೆ ನನ್ನನ್ನು ಕೇಳಿದಳು, ಆ ಊರಿನಲ್ಲಿ ಥಂಡಿ ಬಹಳವೋ ಹೇಗೆ ಎಂದು. ಹೊರಡುವಾಗ ನನ್ನ ಮುಖದ ಹತ್ತಿರ ಬಾಗಿ, "ಕಿವಿ ಕಂಬಳ್ಯಾನಂಗ ಅದಾವ" ಅಂದಳು. ಅಪ್ಪನನ್ನು ಆಕೆ ಕಂಬಳ್ಯಾ ಎಂದೇ ಕರೆಯುತ್ತಿದ್ದಳಲ್ಲ. ಕಂಬಳಿ ಬಿಟ್ಟು ಮಲಗುತ್ತಿರಲಿಲ್ಲ ಎಂದು ಚೇಷ್ಟೆಗೆ ಹಾಗನ್ನುತ್ತಾಳೆ ಎಂದು ನಾನು ಸಣ್ಣವಳಿದ್ದಾಗ ತಿಳಿದಿದ್ದೆ. ಕಿವಿ ಮುಟ್ಟಲು ಕೈ ಎತ್ತಿದವಳು ಮುಟ್ಟದೆ ತನ್ನ ಸೆರಗು ಸರಿಮಾಡಿಕೊಂಡಳು.

ಬಸ್ಸಿನಲ್ಲಿ ಬಾಳೇಶಣ್ಣ, ಇಷ್ಟು ಸಲೀಸಾಗಿ ಒಪ್ಪಿದ ಸಾಕ್ಷಿ ತಮ್ಮ ಸರ್ವಿಸ್ಸಿನಲ್ಲೇ ಇಲ್ಲ ಎಂದರು. ನಾನು ಹ್ಞೂಂ ಅಂದೆ.

ನಿನ್ನ
ಮಾಯಾ


ಲಿಸ್ಬನ್
೨೫ ಆಗಸ್ಟ್ ೨೦೨೪

ಮಾಯಾ,

ಓದಿ ಜೀವಾ ತಣ್ಣಗಾತು. ಇನ್ನ ಆದ್ಹಂಗ ಅಂತ ತಿಳಕೊಂಡೇನಿ. ಈ ಊರಾಗ ಬ್ಯಾಸಗಿ ಮುಗಿಯೂದ್ರಾಗ ಥಂಡಿ ಅರಿಬಿ ಅಗ್ಗಾಗಿ ಮಾರತಾರ, ನಿನಗೊಂದು ಕೋಟು ತಗೊಂಡೇನಿ. ಮೆಂತೆ ಪಲ್ಯಾದ ಬಣ್ಣ. ಅಂಗಡಿಯಾಕಿ ಅಳತಿ ಕೇಳಿದಳು. ನನಗ ಗೊತ್ತಿದ್ದದ್ದು ನಾ ಬಿಟ್ಟು ಬಂದಾಗಿನ ಅಳತಿ. ನನ್ನ ಕೈಯಾಗ ಭುಜಾ ಇಷ್ಟು ಅಂತ ತೋರಿಸಿದೆ. ಹೊರಗ ಬಂದು ರಸ್ತಾದಾಗ ನಿಂತು ಮತ್ತ ಕೈ ಅಗಲಾ ಮಾಡಿ ನೋಡಿದೆ. ಮಂದಿ ನೋಡಾಕತ್ತಿದ್ರು.

ಸಣ್ಣಾಯಿ ಒಪ್ಪಿದ್ದಕ್ಕ ನನಗ ಆಶ್ಚರ್ಯ ಆಗಲಿಲ್ಲ. ನಿನಗೊಂದು ಮಾತು ಹೇಳೇ ಇಲ್ಲ. ನಿಮ್ಮಪ್ಪ ಕಾಮಾಲಿಯಾಗಿ ಹೋದ ದಿನ ನೀ ಸಣ್ಣಾಕಿ, ನಾ ಅತ್ತಿದ್ದಷ್ಟ ನಿನಗ ನೆನಪಿರಬೇಕು. ಅಂಗಳದಾಗ ಹೆಣಮಕ್ಕಳೆಲ್ಲಾ ಸುತ್ತಗಟ್ಟಿ ಕುಂತು ಅವನ ಹೆಸರು ಹಿಡದು ಅತ್ರು. ಓಣಿಯಾಕಿ, ಹಾಲು ಹಾಕಾಕಿ, ಪರಿಚಯಾ ಇಲ್ಲದಾಕಿನೂ ದುಂಡೇಶಪ್ಪಾ ಅಂತ ಅತ್ಲು. ಸಣ್ಣಾಯಿ ಗ್ವಾಡಿಗೆ ಆನಕೊಂಡು ಬಾಯಾಗ ಸೆರಗು ಹಿಡಕೊಂಡು ಕುಂತಿದ್ದಳು. ಒಂದು ಸಲ, ಒಂದ ಒಂದು ಸಲ ಹೆಸರು ಹಿಡಿಲಿಲ್ಲ. ಹಡದಾಕಿ. ಮಣ್ಣಾಗಿ ಬಂದ ಮ್ಯಾಲೆ ರೊಟ್ಟಿ ಬುತ್ತಿ ಇಟ್ಟು ಎದ್ದು ಹ್ವಾದಳು.

ಕಲ್ಲು ಅಂದೆ. ಮನಸಿನ್ಯಾಗ ಅಲ್ಲ, ಬಾಯಿ ಬಿಟ್ಟ ಅಂದೆ. ಆಕಿಗೆ ಕೇಳಿಸಿತ್ತು. ಅವತ್ತಿನಿಂದ ನಾ ದಡ್ಡಿಗೆ ಕಾಲಿಟ್ಟಿಲ್ಲ. ಮಗಾ ಅನ್ನೂದು ಆಕಿ ಎಂದೋ ಮರತ ಮಾತು, ಹೆಬ್ಬೆಟ್ಟು ಒತ್ತಾಕ ಏನು ತ್ರಾಸ?

ಇರಲಿ. ನಮ್ಮ ಕೆಲಸಾ ಆದ್ರ ಸಾಕು. ಕೋಟಿಗೆ ಕಿಸೆ ಭಾಳ ಅದಾವ.

ನಿಮ್ಮವ್ವ
ಕಸ್ತೂರಿ


ಮೂಡಲಗಿ
೬ ಅಕ್ಟೋಬರ್ ೨೦೨೪

ಅವ್ವಾ,

ಕೆಲಸ ಆಗಲಿಲ್ಲ. ಬಾಳೇಶಣ್ಣ ನಿನಗೆ ಫೋನು ಮಾಡಿದ್ದಾರೆಂದು ಗೊತ್ತು. ಮುದುಕಿಗೆ ನೆನಪು ನೆಟ್ಟಗಿಲ್ಲ ಎಂದು ಹೇಳಿರುತ್ತಾರೆ. ನಾನು ಕಂಡದ್ದನ್ನು ಬರೆಯುತ್ತೇನೆ.

ಹುಕ್ಕೇರಿಯಲ್ಲಿ ಕೋರ್ಟಿನ ಎದುರಿನ ಸಾಲಿನಲ್ಲಿ ನೋಟರಿಯ ಕೋಣೆ. ಸಣ್ಣಾಯಿ ಹೊಸ ಇಳಕಲ್ಲ ಸೀರೆ ಉಟ್ಟುಕೊಂಡು ಬಂದಿದ್ದಳು. ಒಳಗೆ ಕುರ್ಚಿ ಕೊಟ್ಟರೂ ಕೂಡಲಿಲ್ಲ. ನೋಟರಿ ವಯಸ್ಸಾದವರು, ಜಾಗ್ರತೆಯ ಮನುಷ್ಯ. ಓದಿ ಹೇಳಿದರು, ಎಲ್ಲದಕ್ಕೂ ಹೌದು ಎಂದು ತಲೆ ಆಡಿಸಿದಳು. ಯಾರ ಬಲವಂತವೂ ಇಲ್ಲವೇ, ಇಲ್ಲ. ನಿಮ್ಮ ಅಕ್ಕ ತಾಯವ್ವನೇ ಹೆತ್ತದ್ದೇ, ಹೌದು. ಹೆಬ್ಬೆಟ್ಟಿಗೆ ಮಸಿ ಹಚ್ಚುವ ಮೊದಲು ಅವರು ಸುಮ್ಮನೆ, ಖಾತ್ರಿಗೆಂದು, ಹುಡುಗನ ಹೆಸರೇನು ಎಂದು ಕೇಳಿದರು.

ಸಣ್ಣಾಯಿ ನನ್ನ ಕಡೆ ನೋಡಿದಳು. "ಇಕಿನ ಅಪ್ಪಾ," ಅಂದಳು.

ಹೆಸರು ಹೇಳಬೇಕು ಎಂದರು. ಆಕೆ ಗೋಡೆಯ ಕ್ಯಾಲೆಂಡರು ನೋಡತೊಡಗಿದಳು. ನೀರು ತರಿಸಿಕೊಟ್ಟರು, ಕುಡಿದಳು. ಮತ್ತೆ ಕೇಳಿದರು. "ನಾ ಕಂಬಳ್ಯಾ ಅಂತೇನ್ರಿ," ಅಂದಳು. ಟೈಪು ಮಾಡುವ ಹುಡುಗಿ ನಕ್ಕಳು. ಬಾಳೇಶಣ್ಣ ಪಕ್ಕದಲ್ಲಿ ನಿಂತು ದು, ದು ಎಂದು ತುಟಿ ಆಡಿಸಿದರು. ನೋಟರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಕ್ಕನ ಮಗನ ಹೆಸರೇ ಗೊತ್ತಿಲ್ಲದವರು ಹೆರಿಗೆ ನೋಡಿದೆ ಎಂದರೆ ನಾನು ಹೇಗೆ ಸಹಿ ಮಾಡಲಿ ತಂಗಿ, ಎಂದು ನನ್ನನ್ನು ಕೇಳಿದರು. ಗದರಿಸಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಬಾಳೇಶಣ್ಣ ಸಿಟ್ಟಿನಿಂದ ಸಂಕೇಶ್ವರದ ಬಸ್ಸು ಹತ್ತಿ ಹೋದರು. ನಾವಿಬ್ಬರೂ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆವು. ಸಣ್ಣಾಯಿ ಗಂಟಿನಿಂದ ರೊಟ್ಟಿ ತೆಗೆದು ಅರ್ಧ ಮುರಿದು ನನಗೆ ಕೊಟ್ಟಳು. ನಾನು ಏನೂ ಕೇಳಿರಲಿಲ್ಲ. ಆಕೆಯೇ ಹೇಳಿದಳು, ರೊಟ್ಟಿ ನೋಡುತ್ತ.

"ಉಡಿಯೊಳಗ ಹಾಕುವಾಗ ಬೀರದೇವರ ಅರಿಷಿಣ ಭಂಡಾರ ಮುಟ್ಟಿ ಮಾತು ಕೊಟ್ಟೇನಿ. ಹೆಸರು ಅಕ್ಕ ಇಟ್ಟದ್ದು. ಹಡದಾಕಿ ಹೆಸರು ಹಿಡದು ಕರದ್ರ ಕೂಸು ಆ ದನಿಗೆ ತಿರುಗತೈತಿ, ಅಕ್ಕನ ಕಡೆ ನಿಲ್ಲಂಗಿಲ್ಲ ಅಂತ ಅಕ್ಕಗ ಅಂಜಿಕಿ ಇತ್ತು. ಹಿಡಿಯಂಗಿಲ್ಲ ಅಂದೆ. ಹಿಡಿದಿಲ್ಲ."

ಅಪ್ಪ ಹೋದ ದಿನವೂ ಅದಕ್ಕೇನಾ ಎಂದು ಕೇಳಿದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

"ಅವತ್ತ ಹೆಸರು ಬಾಯಿಗೆ ಬಂದಿತ್ತು," ಅಂದಳು. "ಸೆರಗು ತುರಕೊಂಡೆ. ನಿಮ್ಮವ್ವ ಅಂದದ್ದು ಕೇಳಿಸ್ತು. ಖರೇನ ಅಂದಳು ಬಿಡು, ಅವತ್ತ ನಾ ಕಲ್ಲ ಆಗಬೇಕಾಗಿತ್ತು."

ಆಮೇಲೆ ನನ್ನ ಮೊಣಕೈ ತಟ್ಟಿ, ಹಡೆದವಳು ಅಕ್ಕ ಎಂದು ಬೇಕಾದಷ್ಟು ಸಲ ಹೇಳುತ್ತೇನೆ, ಹೆಸರೊಂದು ಕೇಳಬೇಡ ಎಂದು ಆ ಸಾಹೇಬರಿಗೆ ಹೇಳು ಎಂದಳು. ದಡ್ಡಿಯ ಬಸ್ಸು ಬಂತು. ಹತ್ತುವಾಗ ಉಳಿದರ್ಧ ರೊಟ್ಟಿಯನ್ನೂ ನನ್ನ ಕೈಗೇ ಕೊಟ್ಟು ಹೋದಳು.

ನೀನು ಆಕೆಯನ್ನು ಕಲ್ಲು ಎಂದು ಬರೆದಿದ್ದೆಯಲ್ಲ, ಅದಕ್ಕೇ ಇಷ್ಟು ಬಿಡಿಸಿ ಬರೆದೆ. ಬೇರೆ ಏನೂ ಸೇರಿಸುವುದಿಲ್ಲ.

ನಿನ್ನ
ಮಾಯಾ


ಲಿಸ್ಬನ್
೩ ನವೆಂಬರ್ ೨೦೨೪

ಮಾಯಾ,

ಬಾಳೇಶ ಹೇಳಿದ, ಬೇರೆ ಕಡೆ ನೋಟರಿ ಅದಾರಂತ, ಹೆಸರು ಗಿಸರು ಕೇಳಂಗಿಲ್ಲಂತ. ಹೆಬ್ಬೆಟ್ಟಷ್ಟ ಸಾಕಂತ. ನೀ ಅವನ ಫೋನು ಎತ್ತವಲ್ಲಿ ಅಂದ. ಯಾಕ?

ಬಾಯಿ ಕೋಣ್ಯಾಗ ನನ್ನ ಮಂಚದ ಬಾಜೂ ಇನ್ನೊಂದು ಸಣ್ಣ ಮಂಚ ಹಾಕಿಸೇನಿ. ಬಾಯಿ ಮಗಳು ಬ್ಯಾಡ ಅನಲಿಲ್ಲ. ಹಾಸಿಗಿ ದಿನಾ ಝಾಡಿಸತೇನಿ, ಯಾರೂ ಮಲಗದಿದ್ರೂ ಧೂಳ ಕೂಡತೈತಿ. ಬಾಯಿ ನಿನ್ನೆ ಕೇಳಿದಳು, ಇಲ್ಲೆ ಯಾರು ಮಲಗತಾರು ಅಂತ. ನನ್ನ ಮಗಳು ಅಂದೆ. ಎಲ್ಲಿ ಹೋಗ್ಯಾಳ ಅಂದಳು.

ನಾ ಏನು ಕೆಟ್ಟದ್ದು ಕೇಳಾಕತ್ತೇನಿ ಮಾಯಾ? ಒಂದು ಮಾತು ಒಬ್ಬರಿಗೆ ತಪ್ಪಾದ್ರ ಆದೀತು.

ಈ ಕಾಗದಾ ಮೂರು ಸಲ ಹರದು ಬರದೇನಿ. ಸಣ್ಣಾಯಿಗ ನನ್ನ ಪರವಾಗಿ ಏನರ ಹೇಳಬೇಕು ಅನಸತೈತಿ. ಏನಂತ ತಿಳಿವಲ್ದು.

ನಿಮ್ಮವ್ವ


ಮೂಡಲಗಿ
೧೨ ಜನವರಿ ೨೦೨೫

ಅವ್ವಾ,

ಇವತ್ತು ಮುತ್ತ್ಯಾ ನೆಟ್ಟಗೆ ನಿಂತು ಗಡ್ಡ ಮಾಡಿಕೊಂಡ. ಹಕ್ಕಿಯ ಚೀಟಿ ಕನ್ನಡಿಯಲ್ಲಿ ಇದ್ದ ಹಾಗೇ ಇದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರೆ ಸಾಕಿತ್ತು, ಇಷ್ಟು ದಿನ ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮೂರು ತಿಂಗಳು ಬರೆಯಲಿಲ್ಲ, ಬಾಳೇಶಣ್ಣನ ಫೋನೂ ಎತ್ತಲಿಲ್ಲ. ನಿನ್ನ ಕಾಗದದ ಮಂಚದ ಮಾತನ್ನು ಓದಿದ ಮೇಲೆ ಬೇರೆ ನೋಟರಿಯ ಹತ್ತಿರ ಹೋಗಿಬಿಡೋಣ ಎಂದು ಒಂದು ದಿನ ಹೊರಟೂ ಹೊರಟೆ. ಗೋಕಾಕದ ತನಕ ಹೋಗಿ ತಿರುಗಿ ಬಂದೆ.

ಹುಕ್ಕೇರಿಯಲ್ಲಿ ನಡೆದದ್ದನ್ನು ಮುತ್ತ್ಯಾನಿಗೆ ಹೇಳಿರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಕುರಿಗೆ ನೀರು ಇಡುವಾಗ ಹೇಳಿದೆ. ಅವನು ಕೊಡ ಕೆಳಗಿಟ್ಟ. "ಆ ಮಾತು ಆಕಿ ಇನ್ನೂ ಹಿಡಕೊಂಡು ಕುಂತಾಳ?" ಅಂದ. ಅವನು ಮರೆತುಬಿಟ್ಟಿದ್ದ ಅವ್ವಾ. ಹೆಂಡತಿಯ ಸಮಾಧಾನಕ್ಕೆಂದು ಭಂಡಾರ ಹಿಡಿದು ಆ ಮಾತು ತೆಗೆದುಕೊಂಡವನೇ ಅವನು. ಕೂಸು ನಡೆಯಲು ಕಲಿಯುವುದರೊಳಗೆ ಮರೆತಿದ್ದ. ತಾಯವ್ವ ಆಯಿ ಹೋದಾಗಲೂ ನೆನಪಾಗಲಿಲ್ಲ. ಕಂಬಳ್ಯಾ ಎಂದು ಕರೆದಾಗೆಲ್ಲ ಇವನೂ ನಗುತ್ತಿದ್ದನಂತೆ.

ಆಮೇಲೆ ಬಹಳ ದಿನ ಚಹಾದಂಗಡಿಗೆ ಹೋಗಲಿಲ್ಲ, ಪಾದ್ರಿ ಸೊರಗಿದ್ದಾನೆ ಎಂದು ಅಲ್ಲಿಯವರು ನನ್ನನ್ನು ಕೇಳಿದರು. ಹೋದ ವಾರ ತಾನೇ ರುಮಾಲು ಸುತ್ತಿಕೊಂಡು, ನಡಿ ದಡ್ಡಿಗೆ ಎಂದ. ಮೊಣಕಾಲಿನ ಮಾತೇ ಇಲ್ಲ.

ಸಣ್ಣಾಯಿ ಮನೆಯಲ್ಲಿರಲಿಲ್ಲ. ಹೊಳೆ ಇಳಿದ ದಂಡೆಯಲ್ಲಿ ಹಸಿರು ಬಂದಿದೆ, ಕುರಿಗಳ ಜೊತೆ ಅಲ್ಲಿದ್ದಾಳೆ ಎಂದರು. ಹೋದೆವು. ಮುತ್ತ್ಯಾನನ್ನು ಕಂಡು ಸೆರಗು ಹೊದ್ದುಕೊಂಡು ಎದ್ದು ನಿಂತಳು. ಇವನು ಕ್ಷೇಮ ಸಮಾಚಾರ ಏನೂ ಕೇಳಲಿಲ್ಲ. ಸೊಂಟದ ಚೀಲ ಬಿಚ್ಚಿ ಭಂಡಾರ ತೆಗೆದು ಆಕೆಯ ಹಣೆಗೆ ಹಚ್ಚಿದ. ಮೂಗಿನ ಮೇಲೂ ಬಿತ್ತು.

"ಲಗಮಿ," ಅಂದ, "ಆ ಮಾತು ನಾ ತಿರುಗಿ ತಗೊಂಡೆ. ಕರಿ, ಹೆಸರು ಹಿಡದು ಕರಿ."

"ಈಗ ಯಾರನ್ನ ಕರೀಲಿ ಮಾವಾ," ಅಂದಳು.

ಅವನು ಅಲ್ಲೇ ಮರಳಿನ ಮೇಲೆ ಕೂತ. ಆಕೆ ನಮ್ಮ ಕಡೆ ಬೆನ್ನು ಮಾಡಿ ಹೊಳೆಯ ಕಡೆ ತಿರುಗಿ ಕರೆದಳು.

"ದುಂಡೇಶಾ."

ಅಳುವ ದನಿಯಲ್ಲ ಅವ್ವಾ. ಹೊಲದಲ್ಲಿರುವವರನ್ನು ಊಟಕ್ಕೆ ಕರೆಯುತ್ತಾರಲ್ಲ, ಆ ದನಿ. ಒಂದೆರಡು ಕುರಿ ತಲೆ ಎತ್ತಿ ನೋಡಿದವು. ನನಗೆ ಓ ಅನ್ನಬೇಕೆನ್ನಿಸಿತು. ಅನ್ನಲಿಲ್ಲ.

ಮನೆಗೆ ಬಂದು ಅಡುಗೆಗೆ ಇಡುವಾಗ ಸಣ್ಣಾಯಿ ಒಲೆಯ ಮುಂದೆ ಒಬ್ಬಳೇ ಆ ಹೆಸರನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಊಟವಾದ ಮೇಲೆ ನನ್ನನ್ನು ಕರೆದು, ಇನ್ನು ಹೆಸರು ಹೇಳುತ್ತೇನೆ, ನಡಿ ಹುಕ್ಕೇರಿಗೆ, ತಾಯವ್ವ ಹಡೆದಳೆಂದು ಬರೆಸಿಕೋ, ನಿಮ್ಮವ್ವ ಹಾದಿ ಕಾಯುತ್ತಿರಬೇಕು ಎಂದಳು. ನಿನ್ನ ಕೋಟಿನ ಸುದ್ದಿ ಹೇಳಿದ್ದೆ. ಉಣ್ಣೆಯ ನೂಲು ತಂದು ನನ್ನ ಬೆನ್ನಿನ ಮೇಲೆ ಭುಜದಿಂದ ಭುಜಕ್ಕೆ ಹಿಡಿದು ಗಂಟು ಹಾಕಿದಳು. ತೋಳಿಗೊಂದು ಗಂಟು. ಈ ಸಲ ಕಿವಿಯನ್ನೂ ಮುಟ್ಟಿದಳು. ಆ ನೂಲನ್ನು ಇದರೊಳಗೆ ಇಟ್ಟಿದ್ದೇನೆ. ನೀನು ರಸ್ತೆಯಲ್ಲಿ ನಿಂತು ಕೈ ಅಗಲಿಸಿದ್ದು ನೆನಪಿದ್ದರೆ ಅದರ ಜೊತೆ ಇಟ್ಟು ನೋಡು. ನೀನು ಕೊಂಡ ಕೋಟು ಸಣ್ಣದಾಗುತ್ತದೆ.

ಈಗ ಎಲ್ಲವೂ ಸಲೀಸು. ಆಕೆ ಹೆಸರು ಹೇಳುತ್ತಾಳೆ, ಮೊದಲಿನ ನೋಟರಿಯೇ ಸಹಿ ಮಾಡುತ್ತಾರೆ. ಬಾಳೇಶಣ್ಣನ ಫೋನು ಎತ್ತಿ ಮಾತಾಡಿದೆ, ಸೋಮವಾರ ಗಾಡಿ ತರುತ್ತೇನೆ ಎಂದಿದ್ದಾರೆ. ಆದರೆ ಸಣ್ಣಾಯಿ ಊರ ಮುಂದೆ ಮೊದಲ ಸಲ ಆ ಹೆಸರು ಹಿಡಿಯುವುದು, ಆ ಹೆಸರಿನವನು ತನ್ನ ಮಗನಲ್ಲ ಎಂದು ಹೇಳುವುದಕ್ಕೆ ಆಗಬೇಕೇ? ನನಗೆ ಅದನ್ನು ದಾಟಲು ಆಗುತ್ತಿಲ್ಲ.

ಹುಕ್ಕೇರಿಯಲ್ಲಿ ಒಬ್ಬ ವಕೀಲೆ ಇದ್ದಾರೆ, ಸಾವಂತ್ರೆವ್ವ ಎಂದು. ದಡ್ಡಿಯಿಂದ ಬರುವಾಗ ಮುತ್ತ್ಯಾನನ್ನು ಬಸ್ ಸ್ಟ್ಯಾಂಡಿನಲ್ಲಿ ಕೂಡಿಸಿ ಒಬ್ಬಳೇ ಹೋಗಿ ಕೇಳಿದೆ. ಬಾಗಿಲಲ್ಲಿ ಎರಡು ಸಲ ತಿರುಗಿ, ಮೂರನೆಯ ಸಲ ಒಳಗೆ ಹೋದೆ. ಕೊಟ್ಟವಳೂ ತೆಗೆದುಕೊಂಡವನೂ ಇಬ್ಬರೂ ಜೀವಂತ ಇರುವುದರಿಂದ, ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಇಲ್ಲಿಯ ಕೋರ್ಟು ಅದನ್ನು ದತ್ತಕವೆಂದು ಬರೆದುಕೊಡಬಹುದು ಎಂದರು. ವರ್ಷಗಳು ಹಿಡಿಯಬಹುದು. ಈಗ ಆದ ಆದೇಶವನ್ನು ಅಲ್ಲಿಯವರು ಒಪ್ಪುತ್ತಾರೋ ಇಲ್ಲವೋ ತನಗೆ ಗೊತ್ತಿಲ್ಲ, ಬಹುಶಃ ಒಪ್ಪಲಿಕ್ಕಿಲ್ಲ ಎಂದೂ ಹೇಳಿದರು.

ಹಾಗೆ ಬರೆಸಿದರೆ ತಾಯವ್ವ ಆಯಿಗೆ ಮಕ್ಕಳಿರಲಿಲ್ಲ ಎಂದೂ ಬರೆಸಿದಂತೆ. ಬಸ್ಸಿನಲ್ಲಿ ಮುತ್ತ್ಯಾನಿಗೆ ಅದನ್ನು ಹೇಳಿದೆ. ಧುಪದಾಳ ದಾಟಿದ ಮೇಲೆ, "ತಾಯವ್ವ ಹೋದಳು," ಅಂದ. "ಆಕಿಗೆ ಬಂಜಿ ಅಂದವರೂ ಹ್ವಾದ್ರು. ಇನ್ನ ಯಾರಿಗೆ ಅಂಜೂನು."

ನೀನು ಬಾ ಎಂದು ನಾನು ಬರೆಯುವುದಿಲ್ಲ. ಹೂವಿನ ಸೀರೆಯ ಆ ಸಾಲನ್ನು ಬಹಳ ಸಲ ಓದಿದ್ದೇನೆ. ಆ ಸೀರೆ ಉಟ್ಟು ಒಂದು ಫೋಟೊ ಕಳಿಸು. ಮಂಚ ತೆಗೆಸಬೇಡ. ಭಾನುವಾರ ಫೋನಿನಲ್ಲಿ ನೀನು ಬೈದರೆ ನಾನು ಹ್ಞೂಂ ಅನ್ನುತ್ತೇನೆ, ಅದನ್ನು ಒಪ್ಪಿಗೆ ಎಂದು ತಿಳಿಯಬೇಡ.

ಸಣ್ಣಾಯಿಗೆ ಏನು ಹೇಳಬೇಕೆಂದು ಕೇಳಿದ್ದೆಯಲ್ಲ, ನೀನು ಹೂವಿನ ಸೀರೆ ಉಡುತ್ತೀಯ ಎಂದು ಹೇಳಿದೆ. ಚಲೋ ಆತು ಅಂದಳು.

ಸೋಮವಾರ ಬಾಳೇಶಣ್ಣ ಗಾಡಿ ತರುವ ಹೊತ್ತಿಗೆ ನಮ್ಮ ಮನೆಗೆ ಬೀಗ ಇರುತ್ತದೆ. ನಾನೂ ಮುತ್ತ್ಯಾನೂ ಮೊದಲ ಬಸ್ಸಿಗೆ ಹೊರಡುತ್ತೇವೆ. ನಡೆದದ್ದನ್ನು ನಡೆದ ಹಾಗೆ ಹೇಳಲು ಬಾ ಎಂದು ಹೇಳಿಕಳಿಸಿದ್ದೇನೆ, ಸಣ್ಣಾಯಿ ದಡ್ಡಿಯಿಂದ ಬರುತ್ತಾಳೆ. ಸಾವಂತ್ರೆವ್ವನವರ ಕೋಣೆಯಲ್ಲಿ ಮೊದಲು ಆಕೆಯನ್ನು ಕುರ್ಚಿಯ ಮೇಲೆ ಕೂಡಿಸುತ್ತೇನೆ.

ನಿನ್ನ
ಮಾಯಾ